ಗಂಜಿಗೆ ಕುರ್ಚಿ, ಕೈಗೆ ಏನು?

ಮಂಡ್ಯದ ಯಾವುದಾದ್ರೂ ಮದುವೆಗೆ ಹೋಗಿ ನೋಡಿ. ಗರಿಗರಿ ಬಿಳಿ ಅಂಗಿ ಒಳಗೆ ಬಂದ್ರೆ ಸಾಕು, ಮುಂದಿನ ಸಾಲಿನ ಕುರ್ಚಿ ಖಾಲಿಯಾಗುತ್ತೆ. ಮರ್ಯಾದೆ ಮನುಷ್ಯನಿಗಲ್ಲ, ಗಂಜಿಗೆ.

ನಗಬೇಡಿ. ನಮ್ಮ ಆಫೀಸಿನ ಬಿಗಿ ಕಾಲರು ಬಂದದ್ದೂ ಅದೇ ದಾರೀಲಿ. 16ನೇ ಶತಮಾನದ ಯುರೋಪಿನ ಸಿರಿವಂತರು ಕತ್ತಿನ ಸುತ್ತ ತಟ್ಟೆಯಗಲದ ನೆರಿಗೆಪಟ್ಟಿ ಕಟ್ಟಿ, ಗಂಜಿ ಹಾಕಿ ನಿಲ್ಲಿಸಿದರು. ಬಗ್ಗಿ ದುಡಿಯೋ ಅಗತ್ಯ ನಮಗಿಲ್ಲ ಅಂತ ತೋರಿಸೋದೇ ಅದರ ಕೆಲಸ. 1583ರಲ್ಲೇ ಇಂಗ್ಲೆಂಡಿನ ಫಿಲಿಪ್ ಸ್ಟಬ್ಸ್ ಇದನ್ನು ಸೈತಾನನ ಸರಕು ಅಂತ ಬೈದ.

ಆ ಗತ್ತಿಗೆ ಉತ್ತರ ನಮ್ಮಲ್ಲೇ ಇತ್ತು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ನಿಷೇಧ ಮೀರಿ ಬಾವುಟ ಹಾರಿಸಿದ ಕಾಲಕ್ಕೆ ಖಾದಿ ಅಂದ್ರೆ ಕೈನೂಲು, ಸ್ವಂತ ದುಡಿಮೆ. ಅದಕ್ಕೂ ಗಂಜಿ ಹಾಕಿ ಸೆಟೆಸಿಬಿಟ್ಟೆವು.

ತಪ್ಪು ಗಂಜಿಯದ್ದಲ್ಲ. ಅನ್ನ ಬಸಿದ ಗಂಜಿ ನೂಲಿಗೆ ಹೊದಿಕೆಯಾಗುತ್ತೆ. ಕೊಳೆ ಅದರ ಮೇಲೇ ಕೂತು, ಒಗೆದಾಗ ಅದರ ಜೊತೆಗೇ ಹೋಗುತ್ತೆ. ಈ ವಿದ್ಯೆ ಮಡಿವಾಳರದ್ದು. ಮಳವಳ್ಳಿ ಬಿಸಿಲಲ್ಲಿ ಅದ್ದಿ, ಹಿಂಡಿ, ಒಣಗಿಸಿ, ಇಸ್ತ್ರಿ ತಿಕ್ಕಿದ ಕೈಗೆ ಮಾತ್ರ ಆ ಮುಂದಿನ ಸಾಲಲ್ಲಿ ಕುರ್ಚಿ ಇಲ್ಲ.

ಮುಂದಿನ ಸಲ ಅಂಗಿ ನೋಡಿ ಎದ್ದು ನಿಲ್ಲಬೇಡಿ. ಇಸ್ತ್ರಿಯವರ ಹತ್ರ ಎರಡು ರೂಪಾಯಿಗೆ ಚೌಕಾಸಿ ಮಾಡೋದನ್ನಾದ್ರೂ ಮೊದಲು ಬಿಡಿ.