ಹಳೆಯದಲ್ಲದ ಹಳೆಯ ಮನೆಗಳು

ಬಡಾವಣೆಯ ನಡುವೆ ಉಳಿದುಕೊಂಡ ಬಂಗಲೆಯೊಂದು ಹೋಟೆಲಾದರೆ ಎರಡು ಬಗೆಯ ಮಾತು ಕೇಳಿಬರುತ್ತದೆ. ಅಬ್ಬ, ಹಿಂದಿನ ಕಾಲ ಹಾಗೇ ಉಳಿದಿದೆ ಎಂದು ಕೆಲವರು ಮೆಚ್ಚುತ್ತಾರೆ. ಹಿಂದಿನ ಕಾಲವನ್ನೂ ರಾತ್ರಿಗಿಷ್ಟು ಎಂದು ಬಾಡಿಗೆಗೆ ಬಿಟ್ಟುಬಿಟ್ಟರಲ್ಲ ಎಂದು ಇನ್ನು ಕೆಲವರು ಮುಖ ಸಿಂಡರಿಸುತ್ತಾರೆ. ಮಲ್ಲೇಶ್ವರದ ಅಂಥದೊಂದು ಮನೆಯಲ್ಲಿ ತಂಗಿದ್ದ ಮೇಲೆ ನನಗೆ ಈ ಇಬ್ಬರ ಜತೆಗೂ ವಿನಯದಿಂದಲೇ ಜಗಳ ತೆಗೆಯಬೇಕೆನ್ನಿಸಿದೆ. ಅಲ್ಲಿ ಹಿಂದಿನ ಕಾಲ ಇದೆ ಎಂಬುದನ್ನು ಇಬ್ಬರೂ ಒಪ್ಪಿಕೊಂಡೇ ಮಾತು ಶುರುಮಾಡುತ್ತಾರೆ. ನನ್ನ ತಕರಾರು ಅಲ್ಲಿಂದಲೇ ಶುರು. ಆ ಮನೆಗಳನ್ನು ಕಟ್ಟಿಸಿದವರು ಹಿಂದಿನ ಕಾಲವನ್ನು ಬಿಟ್ಟು ಓಡಿಬಂದವರು.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು, ಗಾಳಿ ಆಡದ ನಡುಮನೆಗಳು, ಕಿರುಓಣಿಗಳು. ಇಲಿ ಬಿದ್ದ ಮನೆ ಬಿಟ್ಟು ಹೊರಗೆ ಗುಡಿಸಲು ಹಾಕಿಕೊಂಡವರಿದ್ದರು. ಸತ್ತವರು ಸಾವಿರಾರು. ಆ ದಶಕದಲ್ಲೇ ಕಾಗದದ ಮೇಲೆ ರೂಪುಗೊಳ್ಳುತ್ತಿದ್ದ ಮಲ್ಲೇಶ್ವರ, ಬಸವನಗುಡಿಗಳು ಪ್ಲೇಗಿನ ನಂತರ ಭರದಿಂದ ಬೆಳೆದವು. ನೇರ ರಸ್ತೆಗಳು, ಲೆಕ್ಕದಂತೆ ಅಡ್ಡರಸ್ತೆಗಳು, ಮನೆಯ ನಾಲ್ಕೂ ಸುತ್ತ ಬಯಲು, ಎತ್ತರದ ಸೂರು, ಸೂರಿನ ಕೆಳಗೆ ವೆಂಟಿಲೇಟರು. ಆ ಹೊತ್ತಿನ ಆರೋಗ್ಯಶಾಸ್ತ್ರ ಏನು ಹೇಳುತ್ತಿತ್ತೋ ಅದನ್ನು ಇಟ್ಟಿಗೆ ಗಾರೆಯಲ್ಲಿ ಬರೆದಂತಿತ್ತು ಬಡಾವಣೆ. ಆ ಪ್ರದೇಶದಲ್ಲಿ ನಿಜವಾಗಿ ಹಳೆಯದೆಂದರೆ ಕಾಡು ಮಲ್ಲೇಶ್ವರನ ಗುಡಿ. ಅದಕ್ಕೆ 1669ರಲ್ಲಿ ಮರಾಠರ ಏಕೋಜಿ ಮೇದರನಿಂಗನಹಳ್ಳಿಯನ್ನು ದತ್ತಿ ಬಿಟ್ಟದ್ದಕ್ಕೆ ಶಾಸನವಿದೆ. ಗುಡಿಯ ಪಕ್ಕದಲ್ಲಿ ಈ ಮನೆಗಳು ಎದ್ದಾಗ ಅವು ಇಂದಿನ ಹೊಸ ಲೇಔಟಿನಷ್ಟೇ ಹೊಸವು. ಪೇಟೆಯ ಹಿರಿಯರು ‘ಅಷ್ಟು ದೂರ ಹೋಗಿ ಒಂಟಿಯಾಗಿ ಹೇಗಿರುತ್ತೀರಪ್ಪ’ ಎಂದು ಕೇಳಿಯೇ ಇರಬೇಕು.

ಮನೆಗೆ ಬಳಸಿದ ಸಾಮಾನೂ ಹೊಸದೇ. ನಮಗೀಗ ಅಜ್ಜಿಮನೆಯ ನೆನಪು ತರುವ ಮಂಗಳೂರು ಹೆಂಚು ಕುಂಬಾರರ ಕಸುಬಿನದಲ್ಲ, ಕಾರ್ಖಾನೆಯ ಮಾಲು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಅಚ್ಚಿನಲ್ಲಿ ಒತ್ತಿ ಬಂದದ್ದು. ಇನ್‌ಸ್ಟಾಗ್ರಾಮಿನಲ್ಲಿ ಎಲ್ಲರೂ ಕಾಲು ಚಾಚಿ ಫೋಟೊ ತೆಗೆಸಿಕೊಳ್ಳುವ ಕೆಂಪು ನೆಲಕ್ಕೆ ಸಿಮೆಂಟು ಬೇಕು, ರೆಡ್ ಆಕ್ಸೈಡ್ ಪುಡಿ ಬೇಕು. ಸಗಣಿ ಸಾರಿಸಿದ ನೆಲದಲ್ಲಿ ಬೆಳೆದ ಹೆಂಗಸರಿಗೆ ಅದು ಅಂದಿನ ಮಾಡ್ಯುಲರ್ ಕಿಚನ್ನಿನಂಥ ಸುಖ. ಕಿಟಕಿಯ ಮೇಲೆ ಮರದ ಪಟ್ಟಿಗಳ ಚೂಪು ಟೋಪಿಯಿದೆಯಲ್ಲ, ಮಂಕಿ ಟಾಪ್ ಎನ್ನುತ್ತಾರೆ. ಅದು ಬ್ರಿಟಿಷರ ದಂಡಿನ ಕಡೆಯ ಬಂಗಲೆಗಳನ್ನು ನೋಡಿ ಇಲ್ಲಿಯವರು ಆಸೆಪಟ್ಟು ಇಡಿಸಿಕೊಂಡ ಫ್ಯಾಷನ್ನು. ಮುಂದಕ್ಕೆ ಇಂಗ್ಲಿಷ್ ಟೋಪಿ, ಒಳಗೆ ಮಡಿಯ ಅಡುಗೆಮನೆ. ಈ ಕಲಬೆರಕೆಯೇ ಆ ಮನೆಗಳ ಗುಣ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಈಗ ಹೋಟೆಲಿಗೆ ಬರೋಣ. ನಾನಿದ್ದ ಕೋಣೆ ಚೆಂದವಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಚಪ್ಪರದ ಮಂಚ, ಮೂಲೆಯಲ್ಲಿ ಕೊಳವೆಯ ಗ್ರಾಮಫೋನು, ಗೋಡೆಯ ಮೇಲೆ ಪೇಟ ಸುತ್ತಿದ ಯಾರದೋ ಯಜಮಾನರ ಕಂದುಬಣ್ಣದ ಫೋಟೊ. ಬೆಳಗ್ಗೆ ಹಿತ್ತಾಳೆಯ ದವರ-ಲೋಟದಲ್ಲಿ ಕಾಫಿ ತಂದುಕೊಟ್ಟ ಹುಡುಗನ ಮರ್ಯಾದೆಗೆ, ಕಾಫಿಯ ಡಿಕಾಕ್ಷನ್ನಿಗೆ ಪೂರ್ತಿ ಅಂಕ. ಆದರೆ ಆ ಕೋಣೆಯಲ್ಲಿ ಹಳೆಯದಾಗಿ ಕಾಣಲೆಂದು ತಂದಿಟ್ಟ ಪ್ರತಿ ವಸ್ತುವೂ ಚೆನ್ನಾಗಿತ್ತು. ಮನೆಯನ್ನು ಮನೆಯಾಗಿಸಿದ್ದ ಒಂದೇ ಒಂದು ವಸ್ತು ಕೆಲಸ ನಿಲ್ಲಿಸಿತ್ತು. ಸೂರಿನ ಕೆಳಗಿನ ವೆಂಟಿಲೇಟರಿಗೆ ಗಾಜು ಕೂರಿಸಿ ಮುಚ್ಚಿದ್ದರು. ಏಸಿ ಹಾಕಿದ ಮೇಲೆ ಬೇರೆ ದಾರಿಯಿಲ್ಲ. ಬಿಸಿಗಾಳಿ ಮೇಲಕ್ಕೇರಿ ಹೊರಗೆ ಹೋಗಬೇಕು, ಕೆಳಗಿನ ಕಿಟಕಿಯಿಂದ ತಂಪುಗಾಳಿ ಒಳಗೆ ಬರಬೇಕು. ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಹೆಚ್ಚು ಎತ್ತರದ ಈ ಊರಿನಲ್ಲಿ ಅಷ್ಟು ಸಾಕೆಂಬ ನಂಬಿಕೆಯ ಮೇಲೆ ಇಡೀ ಮನೆ ನಿಂತಿದೆ. ಅದಕ್ಕೇ ಸೂರು ಅಷ್ಟೆತ್ತರ. ವೆಂಟಿಲೇಟರು ಮುಚ್ಚಿದರೆ ಆ ಎತ್ತರ ಬರೀ ಠೀವಿ. ಕರೆಂಟ್ ಬಿಲ್ಲಿಗೆ ನಷ್ಟ ಬೇರೆ. ಗೋಡೆಗಳಿಗೆ ಬಳಿದ ಪ್ಲಾಸ್ಟಿಕ್ ಎಮಲ್ಶನ್ನಿನದೂ ಇದೇ ಕತೆ. ಸುಣ್ಣದ ಗಾರೆಯ ಗೋಡೆ ತೇವ ಹೀರಿ ತೇವ ಬಿಡುತ್ತದೆ. ಮೇಲೆ ಎಮಲ್ಶನ್ ಬಳಿದರೆ ತೇವ ಒಳಗೇ ಕೂತು ಬಣ್ಣ ಚಕ್ಕೆಚಕ್ಕೆಯಾಗಿ ಏಳುತ್ತದೆ. ಹಿತ್ತಿಲ ಬದಿಯಲ್ಲಿದ್ದ ಬಚ್ಚಲನ್ನು ಪ್ರತಿ ಕೋಣೆಗೂ ತಂದು ಅಂಟಿಸಿದ ಮೇಲಂತೂ ತೇವಕ್ಕೆ ಹಬ್ಬ.

ಹಿತ್ತಿಲು ಅಂದೆನಲ್ಲ, ನನಗೆ ಹೆಚ್ಚು ಹೇಳಬೇಕಿರುವುದು ಅದರ ಬಗ್ಗೆಯೇ. ಮಲ್ಲೇಶ್ವರದ ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಲೇನುಗಳಿವೆ. ಎರಡು ಸಾಲು ಮನೆಗಳ ಹಿಂಬದಿಗಳ ನಡುವೆ ಸಣ್ಣ ಓಣಿ. ಒಳಚರಂಡಿ ಬರುವ ಮುಂಚೆ ಮಲ ಹೊರುವವರು ಬರಬೇಕಾದದ್ದು ಆ ದಾರಿಯಲ್ಲಿ, ಮುಂಬಾಗಿಲಿಗಲ್ಲ. ಆರೋಗ್ಯಶಾಸ್ತ್ರದ ಹೊಸತನವೂ ಜಾತಿಯ ಹಳೆತನವೂ ಒಂದೇ ನಕ್ಷೆಯ ಮೇಲೆ ಕೂತ ಜಾಗ ಅದು. ನಿವೇಶನಗಳನ್ನು ಹಂಚಿದ್ದೂ ಸಮುದಾಯಕ್ಕೊಂದು ಭಾಗವೆಂಬ ಲೆಕ್ಕದಲ್ಲೇ. ಪ್ಲೇಗಿಗೆ ಹೆದರಿ ಗೋಡೆಗಳ ನಡುವೆ ಅಂತರ ಬಿಟ್ಟವರು ಜಾತಿಗಳ ನಡುವಿನ ಅಂತರವನ್ನೂ ಜೋಪಾನವಾಗಿ ಮೂಟೆ ಕಟ್ಟಿ ತಂದಿದ್ದರು. ನಮ್ಮ ಹೋಟೆಲಿನಲ್ಲಿ ಈ ಓಣಿಗೆ ತೆರೆಯುವ ಹಿಂಬಾಗಿಲಿತ್ತು. ಗ್ಯಾಸ್ ಸಿಲಿಂಡರು, ಖಾಲಿ ಕ್ರೇಟುಗಳ ನಡುವೆ ತುಕ್ಕು ಹಿಡಿದಿತ್ತು. ಮುಂದಿನ ವರಾಂಡದಲ್ಲಿ ಮನೆಯ ಚರಿತ್ರೆಯನ್ನು ಚೌಕಟ್ಟು ಹಾಕಿ ತೂಗುಹಾಕಿದವರು ಈ ಬಾಗಿಲ ಬಗ್ಗೆ ಒಂದು ಸಾಲನ್ನೂ ಬರೆದಿರಲಿಲ್ಲ. ಬರೆದರೆ ಅತಿಥಿಗಳ ಕಾಫಿ ಕೆಡುತ್ತದೆ ಎನ್ನುವುದು ಅರ್ಥವಾಗದ ಮಾತೇನಲ್ಲ. ಆದರೂ ಪರಂಪರೆ ಎಂದ ಮೇಲೆ ಗ್ರಾಮಫೋನಿಗಿಂತ ಈ ಬಾಗಿಲಿಗೆ ಹಕ್ಕು ಹೆಚ್ಚು. ಗ್ರಾಮಫೋನು ಚೋರ್ ಬಜಾರಿನಿಂದಲೂ ಬಂದಿರಬಹುದು. ಬಾಗಿಲು ಅಲ್ಲೇ ಹುಟ್ಟಿದ್ದು.

ಇಷ್ಟೆಲ್ಲ ಕೊಂಕು ತೆಗೆದರೂ ಹೋಟೆಲಿನವರನ್ನು ಖಳರೆನ್ನಲು ನನ್ನಿಂದಾಗದು. ‘ಅವರು ಕೊಳ್ಳದಿದ್ದರೆ ಇಷ್ಟು ಹೊತ್ತಿಗೆ ಅಲ್ಲಿ ನಾಲ್ಕಂತಸ್ತಿನ ಅಪಾರ್ಟ್‌ಮೆಂಟ್ ಇರುತ್ತಿತ್ತು’ ಎಂದು ನನ್ನ ಸ್ನೇಹಿತರು ಹೇಳುವುದು ನಿಜವೇ. ಯಜಮಾನರು ತೀರಿಕೊಂಡು ಮನೆ ನಾಲ್ಕು ಮಕ್ಕಳ ಹೆಸರಿಗೆ ಬಂತೆನ್ನಿ. ಒಬ್ಬಳು ಅಮೆರಿಕದಲ್ಲಿ, ಒಬ್ಬ ಮೈಸೂರಿನಲ್ಲಿ, ಇನ್ನಿಬ್ಬರ ನಡುವೆ ಮಾತಿಲ್ಲ. ಹಜಾರವನ್ನು ನಾಲ್ಕಾಗಿ ಕೊಯ್ಯಲಾಗದು, ಫ್ಲಾಟುಗಳನ್ನು ಹಂಚಿಕೊಳ್ಳಬಹುದು. ಬಿಲ್ಡರು ಗೇಟಿನಲ್ಲಿ ನಿಂತಿರುವುದು ಇದೇ ಸರಳ ಗಣಿತ ಹಿಡಿದು. ಅದರೆದುರು ಹೋಟೆಲಿನ ಬಾಡಿಗೆ ಗೆಲ್ಲುವುದು ಅಪರೂಪಕ್ಕೆ. 1991ರಲ್ಲಿ ರಾಜಸ್ಥಾನದ ನೀಮ್ರಾಣಾ ಕೋಟೆಯನ್ನು ಹೋಟೆಲಾಗಿ ತೆರೆದ ಸಂಸ್ಥೆಯವರೇ ಮಲ್ಲೇಶ್ವರದ ವಿಲ್ಲಾ ಪೊಟ್ಟಿಪಾಟಿಯನ್ನೂ ಹೋಟೆಲಾಗಿಸಿದವರು. ಕೋಟೆಗೆ ಬಿಲ್ಡರು ಬರುವುದಿಲ್ಲ; ಬಡಾವಣೆಯ ಮನೆಗೆ ದಿನಾ ಬರುತ್ತಾರೆ. ಹಾಗಾಗಿ ಉಳಿಸುವ ಹೊರೆಯನ್ನೆಲ್ಲ ಹೋಟೆಲುಗಳ ಮೇಲೆ ಹೊರಿಸಿದರೆ ಊರಿಗೆ ಒಂದೆರಡು ಮನೆ ಉಳಿದಾವು, ಅಷ್ಟೆ. ಮುಂಬೈಯವರು 1995ರ ಪಾರಂಪರಿಕ ನಿಯಮಗಳಲ್ಲಿ ಬೇರೊಂದು ದಾರಿ ಇಟ್ಟರು: ಪಟ್ಟಿಯಲ್ಲಿರುವ ಕಟ್ಟಡದ ಮಾಲೀಕ ತನ್ನ ಜಾಗದಲ್ಲಿ ಕಟ್ಟಲಾಗದ ನಷ್ಟಕ್ಕೆ ಬದಲಾಗಿ ಅಭಿವೃದ್ಧಿ ಹಕ್ಕನ್ನು ಬೇರೆಯವರಿಗೆ ಮಾರಿಕೊಳ್ಳಬಹುದು. ಕಡೇಪಕ್ಷ ಅದು ಮಾಲೀಕನ ಗಣಿತಕ್ಕೆ ಗಣಿತದಲ್ಲೇ ಉತ್ತರ ಕೊಟ್ಟಿತು.

ಆದರೆ ಉಳಿಸಬೇಕಾದದ್ದು ಯಾವುದು ಎಂಬ ಪ್ರಶ್ನೆ ಬಂದಾಗ, ಹೋಟೆಲುಗಳ ವಿಷಯದಲ್ಲಿ ಸರ್ಕಾರ ಮೊದಲು ಕೇಳುವುದು ವಯಸ್ಸನ್ನು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ವರ್ಗೀಕರಣದಲ್ಲಿ ಹೆರಿಟೇಜ್ ಹೋಟೆಲ್ ಎನಿಸಿಕೊಳ್ಳಲು ಕಟ್ಟಡ 1950ಕ್ಕಿಂತ ಮುಂಚಿನದಾಗಿರಬೇಕು, ಮೇಲಿನ ದರ್ಜೆಗೆ 1935ಕ್ಕಿಂತ ಮುಂಚಿನದು. ಅರಮನೆ, ಕೋಟೆ, ಬೇಟೆಯ ಬಂಗಲೆಗಳಿಗೆ ಈ ಅಳತೆಗೋಲು ಸಾಕೇನೋ. ಬಡಾವಣೆಯ ಮನೆಗೆ ಸಾಲದು. ಮಲ್ಲೇಶ್ವರದ ಒಂದು ಮನೆಯನ್ನು ಅದರ ಪಕ್ಕದ ಮನೆಯಿಂದ ಬೇರ್ಪಡಿಸಿ ನೋಡಿದರೆ ಅದರಲ್ಲಿ ಅಂಥ ಹೆಚ್ಚುಗಾರಿಕೆ ಏನಿಲ್ಲ. ಎರಡು ಮನೆಗಳ ನಡುವೆ ಬಿಟ್ಟ ಜಾಗ, ಆ ಜಾಗದ ಮಾವು-ತೆಂಗು-ಸಂಪಿಗೆ, ಹಿಂದಿನ ಓಣಿ, ಮುಂದಿನ ರಸ್ತೆಯ ಅಗಲ, ಇವೆಲ್ಲ ಸೇರಿ ಅದು ಮಲ್ಲೇಶ್ವರ. ಅಕ್ಕಪಕ್ಕದಲ್ಲಿ ಬೋಳು ಗೋಡೆಗಳು ಐದಂತಸ್ತು ಎದ್ದರೆ ನಡುವಿನ ಹೋಟೆಲಿನ ಬಿಸಿಲೂ ಹೋಯಿತು, ಗಾಳಿಯೂ ಹೋಯಿತು. ನಾನು ತಂಗಿದ್ದ ಮನೆಗೆ ಆಗಿರುವುದೂ ಅದೇ. ಮಧ್ಯಾಹ್ನವೂ ಹಜಾರದಲ್ಲಿ ದೀಪ ಉರಿಯುತ್ತಿತ್ತು. ಅತಿಥಿಗಳಿಗೆ ಅದು ‘ಹಳೆಯ ಕಾಲದ ಮಂದ ಬೆಳಕು’ ಎಂದು ಹಿಡಿಸಿತ್ತು. ಕಟ್ಟಿಸಿದವರು ನೋಡಿದ್ದರೆ ಪೇಟೆಗೇ ವಾಪಸು ಬಂದೆವಲ್ಲ ಎಂದು ಹೌಹಾರುತ್ತಿದ್ದರು.

ಅಂತರವನ್ನು ಉಳಿಸುವ ಕಾನೂನು ನಮ್ಮಲ್ಲಿ ಇಲ್ಲವೆಂದಲ್ಲ. ಕಟ್ಟಡದ ಸುತ್ತ ಇಷ್ಟಿಷ್ಟು ಜಾಗ ಬಿಡಬೇಕೆಂಬ ಸೆಟ್‌ಬ್ಯಾಕ್ ನಿಯಮ ಪ್ರತಿ ನಕ್ಷೆಯ ಮೇಲೂ ಇರುತ್ತದೆ, ಹೆಚ್ಚಿನ ಕಡೆ ನಕ್ಷೆಯ ಮೇಲೆ ಮಾತ್ರ ಇರುತ್ತದೆ. ಅದನ್ನು ಮೀರಿದವರಿಗೆ ದಂಡ ಕಟ್ಟಿಸಿಕೊಂಡು ಮಾಫಿ ಕೊಡಲು ರಾಜ್ಯ ಸರ್ಕಾರ ತಂದ ಅಕ್ರಮ-ಸಕ್ರಮ ಯೋಜನೆಯಲ್ಲಿ ವಾಸದ ಕಟ್ಟಡಗಳಿಗೆ ಶೇ. 50ರವರೆಗೆ, ವಾಣಿಜ್ಯ ಕಟ್ಟಡಗಳಿಗೆ ಶೇ. 25ರವರೆಗೆ ಉಲ್ಲಂಘನೆಯನ್ನು ಸಕ್ರಮಗೊಳಿಸುವ ಅವಕಾಶವಿತ್ತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಪಕ್ಕದ ಮನೆಯವನಿಗೂ ನಿಮಗೂ ನಡುವಿನ ಗಾಳಿಯ ಅರ್ಧವನ್ನು ದುಡ್ಡಿಗೆ ಬಿಟ್ಟುಕೊಡುವ ಆ ಯೋಜನೆಯನ್ನು ನಾವು ಚರ್ಚಿಸಿದ್ದು ಓಟಿನ, ಖಾತೆಯ, ಆಸ್ತಿ ತೆರಿಗೆಯ ವಿಷಯವಾಗಿ. ಬಂಗಲೆಯೊಂದು ನೆಲಸಮವಾದಾಗ ಪತ್ರಿಕೆಗೆ ಬರೆಯುವ ನನ್ನಂಥವರ ಪೈಕಿ ಎಷ್ಟು ಜನ ಅದನ್ನು ಪರಂಪರೆಯ ಪ್ರಶ್ನೆಯೆಂದು ಎತ್ತಿಕೊಂಡರು? ಮುಂದಿನ ಸಲ ಯಾರಾದರೂ ಮಲ್ಲೇಶ್ವರದಲ್ಲಿ ಹೆರಿಟೇಜ್ ವಾಕ್ ಕರೆದುಕೊಂಡು ಹೋದರೆ, ಮಂಕಿ ಟಾಪುಗಳನ್ನು ಆಮೇಲೆ ನೋಡೋಣ. ಮೊದಲು ಕಳೆದ ವರ್ಷ ಎದ್ದ ಕಟ್ಟಡಗಳ ಪಕ್ಕಕ್ಕೆ ಟೇಪು ಹಿಡಿದು, ಎಷ್ಟು ಅಡಿ ಬಿಟ್ಟಿದ್ದಾರೆಂದು ಅಳೆಯೋಣ.