ಶಾಲೆಯೆಂದರೆ ಎರಡನೇ ವರ್ಷದ ಹೋಂವರ್ಕೇ?

ಓಣಂ ರಜೆ ಶುರುವಾಗುವ ಮೊದಲಿನ ಶುಕ್ರವಾರ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಶಾಲೆಗೆ ಬಂದಿದ್ದಳು. ಒಂದರಿಂದ ಹತ್ತರವರೆಗೆ ನಮ್ಮಲ್ಲೇ ಕನ್ನಡ ಮಾಧ್ಯಮದಲ್ಲಿ ಓದಿದವಳು. ಆಮೇಲೆ ಪ್ಲಸ್ ಟು, ಐದು ವರ್ಷದ ಬಿ.ಆರ್ಕ್., ಈಗ ಎಂ.ಆರ್ಕ್. ಎರಡನೇ ವರ್ಷ. ಅವಳ ಕೈಯಲ್ಲಿ ಒಂದು ದಪ್ಪ ಪುಸ್ತಕ. ಇಷ್ಟು ವರ್ಷ ಕಾಲೇಜಿನಲ್ಲಿ ಮಾಡಿದ ವಿನ್ಯಾಸಗಳನ್ನೆಲ್ಲ ಸೇರಿಸಿ ಹೊಲಿದದ್ದು. ಪೋರ್ಟ್‌ಫೋಲಿಯೊ ಅಂತಾರಂತೆ. ಕೆಲಸ ಕೇಳಲು ಹೋಗುವಾಗ ಅಂಕಪಟ್ಟಿಗಿಂತ ಮೊದಲು ಇದನ್ನೇ ನೋಡುವುದಂತೆ.

ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆಗಳ ಕಟ್ಟು ಬದಿಗಿಟ್ಟು ನಾವೆಲ್ಲ ಸುತ್ತ ಕುಳಿತೆವು. ಮೊದಲ ವರ್ಷದ್ದು ಬಸ್ಸು ತಂಗುದಾಣ. ಆಮೇಲೆ ಮನೆ. ಆಮೇಲೆ ಪ್ರಾಥಮಿಕ ಶಾಲೆ. ಹಾಸ್ಟೆಲು, ಮ್ಯೂಸಿಯಂ, ನೂರು ಹಾಸಿಗೆಯ ಆಸ್ಪತ್ರೆ, ವಸತಿ ಸಮುಚ್ಚಯ, ಕೊನೆಗೊಂದು ವಿಮಾನ ನಿಲ್ದಾಣ. ಚಿತ್ರಗಳು ಚೆನ್ನಾಗಿದ್ದವು. ನಾಲ್ಕನೇ ತರಗತಿಯಲ್ಲಿ ನೋಟುಬುಕ್ಕಿನ ಹಿಂಬದಿಯಲ್ಲಿ ಗೀಚಿ ನಮ್ಮಿಂದ ಬೈಗುಳ ತಿಂದ ಹುಡುಗಿ ಇವಳೇ ಎಂದು ನೆನಪಾಗಿ ನಮಗೆ ಸ್ವಲ್ಪ ನಾಚಿಕೆಯೂ ಆಯಿತು.

ಶಾಲೆಯ ಪುಟ ಬಂದಾಗ ಕೇಳಿದೆವು. "ಇದು ಎಲ್ಲಿಯ ಶಾಲೆ?"

"ಎಲ್ಲಿಯದ್ದೂ ಅಲ್ಲ ಮಾಷ್ಟ್ರೇ. ಜಾಗ ಕಲ್ಪನೆಯದ್ದು. ಎರಡನೇ ವರ್ಷದಲ್ಲಿ ಎಲ್ಲರಿಗೂ ಶಾಲೆಯನ್ನೇ ಕೊಡ್ತಾರೆ. ಸುಲಭ ಅಂತ."

ಎಂ.ಆರ್ಕ್.ನ ಕೊನೆಯ ಪ್ರಾಜೆಕ್ಟಿಗೆ ಗಡಿಯ ಒಂದು ಕನ್ನಡ ಶಾಲೆಯನ್ನೇ ತೆಗೆದುಕೊಳ್ಳುತ್ತೇನೆ ಎಂದು ಅವಳು ಕೇಳಿದ್ದಳಂತೆ. "ಇದು ತುಂಬಾ ಚಿಕ್ಕದು, ಈ ಮಟ್ಟಕ್ಕೆ ಸಾಲದು" ಎಂದು ಹಿಂದೆ ಕಳಿಸಿದರಂತೆ. ಈಗ ಯಾವುದೋ ಕನ್ವೆನ್ಷನ್ ಸೆಂಟರ್ ಮಾಡುತ್ತಿದ್ದಾಳೆ.

ಆ ಮಾತು ನಮಗೆ ಅಂದಿನಿಂದ ಮುಳ್ಳಿನ ಹಾಗೆ ಚುಚ್ಚುತ್ತಿದೆ. ಅದಕ್ಕೇ ಈ ಬರಹ.

ಯಾವ ಅಳತೆಯಲ್ಲಿ ಚಿಕ್ಕದು ಸ್ವಾಮಿ? ಚದರ ಅಡಿಯಲ್ಲಿ ಚಿಕ್ಕದು, ಒಪ್ಪಿದೆವು. ಒಂದು ಮಗು ದಿನಕ್ಕೆ ಆರು ಗಂಟೆಯಂತೆ ಹತ್ತು ವರ್ಷ ಕೂರುವ ಕಟ್ಟಡ ಶಾಲೆ. ವಿಮಾನ ನಿಲ್ದಾಣದಲ್ಲಿ ಮನುಷ್ಯ ಎರಡು ಗಂಟೆ ಕೂರುತ್ತಾನೆ, ಅದೂ ವಿಮಾನ ತಡವಾದರೆ! ಕಟ್ಟಡಗಳನ್ನು ಗಾತ್ರದ ಮೆಟ್ಟಿಲಿನಲ್ಲಿ ಜೋಡಿಸಿ, ಕೆಳಗಿನ ಮೆಟ್ಟಿಲಿನಲ್ಲಿ ಶಾಲೆ, ಮೇಲಿನ ಮೆಟ್ಟಿಲಿನಲ್ಲಿ ಕನ್ವೆನ್ಷನ್ ಸೆಂಟರ್ ಇಟ್ಟವರಿಗೆ ಈ ಲೆಕ್ಕ ಹೊಳೆಯಲಿಲ್ಲವೇ?

ಅವಳನ್ನು ಹಿಂದೆ ಕಳಿಸಿದವರಿಗೆ ಎರಡು ಶಾಲೆಗಳ ಕಥೆ ಹೇಳಬೇಕು.

ಒಂದು ಆಫ್ರಿಕಾದ ಬುರ್ಕಿನಾ ಫಾಸೊ ದೇಶದ ಗಾಂಡೊ ಎಂಬ ಹಳ್ಳಿಯದು. ಅಲ್ಲಿ ಶಾಲೆಯೇ ಇರಲಿಲ್ಲ. ಫ್ರಾನ್ಸಿಸ್ ಕೆರೆ ಎಂಬ ಹುಡುಗ ಏಳನೇ ವಯಸ್ಸಿಗೆ ಮನೆ ಬಿಟ್ಟು ಬೇರೆ ಊರಿಗೆ ಓದಲು ಹೋದ. ಬಿಸಿಲಿಗೆ ಕಾದು ಕುದಿಯುವ ಸಿಮೆಂಟಿನ ಕೋಣೆಯಲ್ಲಿ ನೂರಕ್ಕೂ ಹೆಚ್ಚು ಮಕ್ಕಳ ಜೊತೆ ಕುಳಿತು ಕಲಿತ. ಮುಂದೆ ಬರ್ಲಿನಿನಲ್ಲಿ ವಾಸ್ತುಶಿಲ್ಪ ಓದುತ್ತಿರುವಾಗಲೇ ಹಣ ಕೂಡಿಸಿ ತನ್ನೂರಿಗೆ ಶಾಲೆ ಕಟ್ಟಿದ. ಊರಿನ ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿದ ಇಟ್ಟಿಗೆ. ಗಾಳಿಯಾಡುವ ತಾರಸಿ, ಅದರ ಮೇಲೆ ಅಂತರ ಬಿಟ್ಟು ಎತ್ತಿ ನಿಲ್ಲಿಸಿದ ತಗಡಿನ ಮಾಡು. ಬಿಸಿಗಾಳಿ ಆ ಸಂದಿಯಿಂದ ಹೊರಗೆ ಹೋಗುತ್ತದೆ, ಒಳಗೆ ತಂಪು. ಊರಿನವರೇ ಕಲ್ಲು ಹೊತ್ತರು, ಹೆಂಗಸರು ನೆಲ ಬಡಿದರು. 2001ರಲ್ಲಿ ಶಾಲೆ ಮುಗಿಯಿತು. 2004ರಲ್ಲಿ ಅದಕ್ಕೆ ಆಗಾ ಖಾನ್ ಪ್ರಶಸ್ತಿ. 2022ರಲ್ಲಿ ವಾಸ್ತುಶಿಲ್ಪದ ಅತಿ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಕೆರೆಗೆ ಬಂತು. ಆಫ್ರಿಕಾದವರಿಗೆ ಅದು ಬಂದದ್ದು ಅದೇ ಮೊದಲು.

ಇನ್ನೊಂದು ಬಾಂಗ್ಲಾದೇಶದ ರುದ್ರಪುರ. ಆಸ್ಟ್ರಿಯಾದಲ್ಲಿ ಓದುತ್ತಿದ್ದ ಆನಾ ಹೆರಿಂಗರ್ ತನ್ನ ಅಂತಿಮ ಪ್ರಾಜೆಕ್ಟಿಗೆ ಆರಿಸಿಕೊಂಡದ್ದು ಆ ಹಳ್ಳಿಯ ಶಾಲೆಯನ್ನು. ಮಣ್ಣಿನ ದಪ್ಪ ಗೋಡೆ, ಮೇಲಿನ ಅಂತಸ್ತು ಬಿದಿರಿನದ್ದು. ಕಾಗದದ ಮೇಲಿದ್ದದ್ದು ನೆಲದ ಮೇಲೂ ಎದ್ದಿತು. 2007ರಲ್ಲಿ ಅದಕ್ಕೂ ಆಗಾ ಖಾನ್ ಪ್ರಶಸ್ತಿ.

ಇಬ್ಬರೂ ಆಗ ವಿದ್ಯಾರ್ಥಿಗಳು. ಎರಡೂ ಹಳ್ಳಿಯ ಶಾಲೆಗಳು. "ಈ ಮಟ್ಟಕ್ಕೆ ಸಾಲದು" ಎಂದು ಅವರ ಮೇಷ್ಟ್ರುಗಳು ಹೇಳಿದ್ದರೆ?

ದೂರದ ಮಾತೇಕೆ, ನಮ್ಮ ಕೇರಳದಲ್ಲೇ ಲಾರಿ ಬೇಕರ್ ಇದ್ದರು. ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿ ತಿರುವನಂತಪುರದಲ್ಲಿ ನೆಲೆಸಿ 2007ರಲ್ಲಿ ಇಲ್ಲೇ ತೀರಿಕೊಂಡವರು. ಪೂಂತುರದ ಮೀನುಗಾರರ ಮನೆಗಳು ಅವರವು, ಲೊಯೋಲಾ ಚಾಪೆಲ್ ಅವರದು, ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸಿನ ಇಡೀ ಆವರಣ ಅವರದು, ತಂಬಾನೂರಿನ ಬಸ್‌ಸ್ಟ್ಯಾಂಡ್ ಪಕ್ಕದ ಸುರುಳಿ ಸುತ್ತುವ ಇಂಡಿಯನ್ ಕಾಫಿ ಹೌಸ್ ಕೂಡ ಅವರದೇ. ಮನೆ, ಪ್ರಾರ್ಥನಾ ಮಂದಿರ, ಗ್ರಂಥಾಲಯ, ಹೋಟೆಲು ಎಲ್ಲವೂ ಬೇರೆ ಬೇರೆ ಬಗೆಯ ಕಟ್ಟಡಗಳು. ಎಲ್ಲದಕ್ಕೂ ಅವರು ಕೇಳಿದ ಪ್ರಶ್ನೆಗಳು ಒಂದೇ: ಇಲ್ಲಿ ಯಾರು ಇರುತ್ತಾರೆ, ಇಲ್ಲಿ ಮಳೆ ಹೇಗೆ, ಇಲ್ಲಿ ಏನು ಸಿಗುತ್ತದೆ, ಎಷ್ಟು ಹಣವಿದೆ. ಮೀನುಗಾರನ ಮನೆ ಚಿಕ್ಕದೆಂದು ಅವರು ಅದನ್ನು ಕಡಿಮೆ ಯೋಚಿಸಿ ಕಟ್ಟಲಿಲ್ಲ. ಹತ್ತು ಬಗೆಯ ಕಟ್ಟಡ ಮಾಡಿಸುವುದರ ಉದ್ದೇಶ ಇದೇ ಅಲ್ಲವೇ? ಆಸ್ಪತ್ರೆಯಲ್ಲಿ ರೋಗಿಯಾಗಿ, ಹಾಸ್ಟೆಲಿನಲ್ಲಿ ಮನೆಬಿಟ್ಟ ಹುಡುಗಿಯಾಗಿ, ಶಾಲೆಯಲ್ಲಿ ಒಂದನೇ ತರಗತಿಯ ಮಗುವಾಗಿ ಯೋಚಿಸಲು ಕಲಿಯುವುದು. ಅದು ಬಿಟ್ಟು ಚದರ ಅಡಿ ಏರಿಸುತ್ತ ಹೋಗುವುದು ವಿದ್ಯೆಯಲ್ಲ, ಗುತ್ತಿಗೆದಾರಿಕೆ.

ಕಾಲೇಜಿನವರನ್ನು ಬೈದದ್ದಾಯಿತು. ಈಗ ನಮ್ಮನ್ನೂ ನಾವು ಬೈದುಕೊಳ್ಳಬೇಕು.

ನಮ್ಮ ಶಾಲೆಯ ಹಳೆಯ ಕಟ್ಟಡ ಮುರಕಲ್ಲಿನದ್ದು. ಎತ್ತರದ ಪಂಚಾಂಗ, ಉದ್ದದ ಜಗಲಿ, ಪಕ್ಕಾಸು ರೀಪು ಹೊಡೆದು ಹೊದಿಸಿದ ಮಂಗಳೂರು ಹಂಚು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಹೊಡೆಯುವ ಜಿಲ್ಲೆಯಿದು. ಆ ಮಳೆಗೆ ಸೂರು ಎಷ್ಟು ಮುಂದೆ ಬರಬೇಕು, ಜಗಲಿ ಎಷ್ಟು ಅಗಲವಿರಬೇಕು ಎಂದು ಆ ಕಾಲದ ಮೇಸ್ತ್ರಿಗೆ, ಆಚಾರಿಗೆ ಗೊತ್ತಿತ್ತು. ಅದನ್ನು ಕೆಡವಿದರು. ಅದರ ಜಾಗದಲ್ಲಿ ಕಾಂಕ್ರೀಟಿನ ಕಟ್ಟಡ, ಸೋರುತ್ತದೆಂದು ಅದರ ಮೇಲೆ ಮತ್ತೆ ತಗಡಿನ ಶೀಟು. ಉದ್ಘಾಟನೆಯ ದಿನ ನಾವೂ ಚಪ್ಪಾಳೆ ತಟ್ಟಿದೆವು, ಪಾಯಸ ಉಂಡೆವು. ಜೂನಿನಲ್ಲಿ ಮಳೆ ಬಂತು ನೋಡಿ. ಮೇಲಿನ ಅಂತಸ್ತಿನಲ್ಲಿ ಶೀಟಿನ ಸದ್ದಿಗೆ ನಮ್ಮ ಸ್ವರ ಮೂರನೇ ಬೆಂಚಿಗೂ ಮುಟ್ಟುವುದಿಲ್ಲ. ಕಿಟಕಿ ತೆರೆದರೆ ಇರಚಲು, ಮುಚ್ಚಿದರೆ ಕತ್ತಲೆ. ಕಾರಿಡಾರು ಇದೆ, ಜಗಲಿ ಇಲ್ಲ. ಮಕ್ಕಳು ಕುಳಿತು ಬುತ್ತಿ ಬಿಚ್ಚುತ್ತಿದ್ದ, ಕಲ್ಲಾಟ ಆಡುತ್ತಿದ್ದ ಜಾಗವೇ ಮಾಯ.

ಹಳೆಯದರ ವ್ಯಾಮೋಹ ಎಂದು ಹೇಳುವವರಿದ್ದಾರೆ. ಹಂಚು ಒಡೆಯುತ್ತದೆ, ಗೆದ್ದಲು ಹಿಡಿಯುತ್ತದೆ, ಹಾವು ಬರುತ್ತದೆ ಎನ್ನುತ್ತಾರೆ. ಅವರ ಮಾತನ್ನು ನಾವು ತಳ್ಳಿಹಾಕುವುದಿಲ್ಲ. 2019ರ ನವೆಂಬರಿನಲ್ಲಿ ವಯನಾಡಿನ ಸುಲ್ತಾನ್ ಬತ್ತೇರಿಯ ಶಾಲೆಯೊಂದರಲ್ಲಿ ತರಗತಿಯ ಕೋಣೆಯ ಮಾಟೆಯಲ್ಲಿದ್ದ ಹಾವು ಕಚ್ಚಿ ಪುಟ್ಟ ವಿದ್ಯಾರ್ಥಿನಿ ತೀರಿಕೊಂಡಳು. 2004ರ ಜುಲೈಯಲ್ಲಿ ತಮಿಳುನಾಡಿನ ಕುಂಭಕೋಣದ ಶಾಲೆಯಲ್ಲಿ ಹುಲ್ಲಿನ ಮಾಡಿಗೆ ಬೆಂಕಿ ಹಿಡಿದು 94 ಮಕ್ಕಳು ಸತ್ತರು. ಶಾಲೆಯ ಕಟ್ಟಡ ಜೀವದ ಪ್ರಶ್ನೆ ಎಂದು ನಾವು ಹೇಳುವುದೂ ಇದಕ್ಕೇ. ಜೀವದ ಪ್ರಶ್ನೆಯಾದರೆ ಅದು ಎರಡನೇ ವರ್ಷದ ಸುಲಭದ ಹೋಂವರ್ಕು ಹೇಗಾದೀತು? ಹಳೆಯ ನಮೂನೆ ಬೇಕೋ ಕಾಂಕ್ರೀಟು ಬೇಕೋ ಎಂಬ ಜಗಳ ನಮ್ಮದಲ್ಲ. ಯಾರಾದರೊಬ್ಬರು ಈ ಜಾಗದಲ್ಲಿ ಒಂದು ಮಳೆಗಾಲ ಕುಳಿತು ಯೋಚಿಸಿ ಗೆರೆ ಎಳೆದಿದ್ದಾರೆಯೇ ಎಂಬುದು ನಮ್ಮ ಪ್ರಶ್ನೆ.

ಹಣ ಇಲ್ಲ ಎಂದು ಹೇಳುವ ಹಾಗೂ ಇಲ್ಲ. 2017ರಲ್ಲಿ ಕೇರಳದಲ್ಲಿ ಸಾರ್ವಜನಿಕ ಶಿಕ್ಷಣ ಸಂರಕ್ಷಣಾ ಯಜ್ಞ ಶುರುವಾದ ಮೇಲೆ ಸರಕಾರಿ ಶಾಲೆಗಳ ಕಟ್ಟಡಕ್ಕೆ ಕಿಫ್‌ಬಿ ಮೂಲಕ 5 ಕೋಟಿ, 3 ಕೋಟಿ, 1 ಕೋಟಿ ಎಂದು ಹಣ ಹರಿದಿದೆ. ಒಳ್ಳೆಯ ಕೆಲಸವೇ. ಆದರೆ ಕೋಣೆಗಳ ಲೆಕ್ಕ ಹಾಕುವಾಗ ತಲೆ ಎಣಿಸುತ್ತಾರೆ. ಇಲ್ಲಿ ನಮ್ಮಂಥ ಶಾಲೆಗಳಿಗೆ ಪೆಟ್ಟು. ಒಂದೇ ಅಂಗಳದಲ್ಲಿ ಎರಡು ಮಾಧ್ಯಮ. ಕನ್ನಡದ ನಾಲ್ಕು ತರಗತಿಗಳಲ್ಲಿ ಒಂಬತ್ತೊಂಬತ್ತು ಮಕ್ಕಳಿದ್ದರೆ ಕಾಗದದಲ್ಲಿ ಅದು ಮೂವತ್ತಾರು, ಅಂದರೆ ಒಂದು ಕೋಣೆ! ಒಂದನೇ ತರಗತಿಗೆ ಅ ಆ ಇ ಈ, ನಾಲ್ಕನೆಯದಕ್ಕೆ ಭಾಗಾಕಾರ, ಎರಡನ್ನೂ ಒಂದೇ ಗೋಡೆಯೊಳಗೆ ಮಾಡಿ ಎಂದಂತೆ. ಕೋಣೆ ಕಡಿಮೆಯಾದರೆ ತರಗತಿ ಸೇರುತ್ತದೆ, ತರಗತಿ ಸೇರಿದರೆ ತಂದೆತಾಯಿ ಮಗುವನ್ನು ಬಿಡಿಸುತ್ತಾರೆ, ಮಗು ಬಿಟ್ಟರೆ ಮಾಧ್ಯಮವೇ ಹೋಗುತ್ತದೆ. ಆಗ "ಮಕ್ಕಳೇ ಇಲ್ಲ" ಎನ್ನುತ್ತಾರೆ. 1956ರಿಂದ ನಾವು ಭಾಷೆಗಾಗಿ ಅರ್ಜಿ ಬರೆದಿದ್ದೇವೆ, ಶಿಕ್ಷಕರಿಗಾಗಿ ಬರೆದಿದ್ದೇವೆ, ಪಾಠಪುಸ್ತಕಕ್ಕಾಗಿ ಬರೆದಿದ್ದೇವೆ. ಕಟ್ಟಡದ ನಕ್ಷೆಯನ್ನು ತೋರಿಸಿ ಎಂದು ಮಾತ್ರ ಯಾರನ್ನೂ ಕೇಳಿದವರಲ್ಲ. ಅದೂ ಭಾಷೆಯ ಪ್ರಶ್ನೆಯೇ ಎಂದು ನಮಗೆ ತಿಳಿಯಲಿಲ್ಲ.

ಕಡಿಮೆ ಮಕ್ಕಳಿರುವ, ಎರಡು ಭಾಷೆಯ, ಮಳೆಯ ನಾಡಿನ ಶಾಲೆಗೆ ಕೋಣೆಗಳನ್ನು ಹೇಗೆ ಜೋಡಿಸುವುದು? ಒಂಬತ್ತು ಮಕ್ಕಳಿಗೆ ಎಷ್ಟು ದೊಡ್ಡ ಕೋಣೆ ಸಾಕು? ಎರಡು ಕೋಣೆಗಳ ನಡುವೆ ಸ್ವರ ದಾಟದ ಗೋಡೆ ಯಾವುದು? ಎರಡೂ ಮಾಧ್ಯಮದ ಮಕ್ಕಳು ಒಟ್ಟಿಗೆ ಆಡುವ ಜಗಲಿ ಎಲ್ಲಿರಬೇಕು? ಎಂ.ಆರ್ಕ್. ಮಟ್ಟಕ್ಕೆ ಈ ಪ್ರಶ್ನೆಗಳು ಸಾಲವಂತೆ! ಇದಕ್ಕಿಂತ ಕಠಿಣ ಪ್ರಶ್ನೆ ಕನ್ವೆನ್ಷನ್ ಸೆಂಟರಿನಲ್ಲಿ ಏನಿದೆ, ಹೇಳಿ ನೋಡುವಾ.

ಇನ್ನೊಂದು ಮಾತಿದೆ. ಇಂಥ ಪ್ರಶ್ನೆ ಕೇಳಬಲ್ಲ ಮಕ್ಕಳು ಆ ಕಾಲೇಜುಗಳಿಗೆ ಹೋಗುವುದೇ ಅಪರೂಪ. ಬಿ.ಆರ್ಕ್.ಗೆ ದಾರಿ ಎರಡು, ನಾಟಾ ಮತ್ತು ಜೆಇಇ ಮೈನ್‌ನ ಎರಡನೇ ಪತ್ರಿಕೆ. 2021ರಿಂದ ಜೆಇಇ ಮೈನ್ 13 ಭಾಷೆಗಳಲ್ಲಿದೆ, ಕನ್ನಡವೂ ಇದೆ ಎಂದು ನಾವು ಹಿಗ್ಗಿದ್ದೆವು. ಆಮೇಲೆ ಓದಿದರೆ ಕನ್ನಡದ ಪ್ರಶ್ನೆಪತ್ರಿಕೆ ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಕಾಸರಗೋಡಿನ ಮಗು ತನ್ನ ಜಿಲ್ಲೆಯಲ್ಲಿ ಕುಳಿತರೆ ಇಂಗ್ಲಿಷ್, ಹಿಂದಿ, ಉರ್ದು ಇಲ್ಲವೇ ಮಲಯಾಳ. ತಲಪಾಡಿಯ ಆಚೆ ಕನ್ನಡವಿದೆ, ಈಚೆ ಇಲ್ಲ. ಸೊಲ್ಲಾಪುರ, ಜತ್ತ, ಹೊಸೂರು, ಆದೋನಿಯ ಮಕ್ಕಳಿಗೂ ಇದೇ ಗತಿ. ಕನ್ನಡದಲ್ಲಿ ಓದಿದವರು ಹೆಚ್ಚಾಗಿ ಗಡಿಯಾಚೆ ಇರಲಾರರು ಎಂದು ಯಾರು ತೀರ್ಮಾನಿಸಿದರೋ!

ನಮ್ಮ ತಪ್ಪೂ ಇದೆ. ಹತ್ತನೇ ತರಗತಿಯ ಬೀಳ್ಕೊಡುಗೆಯಲ್ಲಿ ನಾವು ಹೇಳುವುದು ಡಾಕ್ಟರು, ಇಂಜಿನಿಯರು, ನರ್ಸು, ಟೀಚರು. ಗಣಿತ ಚೆನ್ನಾಗಿದ್ದು ಕೈಯಲ್ಲಿ ಗೆರೆ ಇರುವ ಮಗುವಿಗೆ ಇನ್ನೊಂದು ದಾರಿ ಇದೆ ಎಂದು ಎಷ್ಟು ಸಲ ಹೇಳಿದ್ದೇವೆ? ಚಿತ್ರ ಬರೆದರೆ ಬೈದೆವು. ಪಂಚಾಂಗ, ದಾರಂದ, ಪಕ್ಕಾಸು, ರೀಪು, ಮುಚ್ಚಿಗೆ, ಕೈಸಾಲೆ ಎಂಬ ಮಾತುಗಳು ಮೇಸ್ತ್ರಿಗಳ ಬಾಯಲ್ಲಿ ಇನ್ನೂ ಇವೆ, ನಮ್ಮ ಮಕ್ಕಳ ಬಾಯಲ್ಲಿ ಇಲ್ಲ. ನಮ್ಮ ಹುಡುಗಿ ಐದು ವರ್ಷ ಕಟ್ಟಡ ಕಲಿತು ಬಂದು "ಮುಚ್ಚಿಗೆ ಅಂದ್ರೆ ಯಾವುದು ಮಾಷ್ಟ್ರೇ?" ಎಂದು ಕೇಳಿದಾಗ ತಪ್ಪು ಅವಳದ್ದು ಅನಿಸಲಿಲ್ಲ.

ಹಾಗಾದರೆ ಏನು ಮಾಡೋಣ? ದೊಡ್ಡ ಮಾತು ಬೇಡ. ಮುಂದಿನ ಪಿ.ಟಿ.ಎ. ಸಭೆಯಲ್ಲಿ ನಾವು ಮೂರು ವಿಷಯ ಇಡುತ್ತೇವೆ, ನೀವೂ ನಿಮ್ಮ ಶಾಲೆಯಲ್ಲಿ ಇಡಿ. ಹಳೆಯ ಕಟ್ಟಡ ಯಾವುದೇ ಇರಲಿ, ಕೆಡವುವ ಮೊದಲು ಅದರ ಅಳತೆ ತೆಗೆದು ನಕ್ಷೆ ಬರೆದಿಡಬೇಕು. ಏಳನೇ ತರಗತಿಯ ಮಕ್ಕಳಿಗೆ ಟೇಪು ಕೊಟ್ಟರೆ ಒಂದು ವಾರದ ಕೆಲಸ, ಕ್ಷೇತ್ರಗಣಿತದ ಪಾಠವೂ ಆಯಿತು. ಹೊಸ ಕಟ್ಟಡದ ನಕ್ಷೆ ಅಂತಿಮವಾಗುವ ಮೊದಲು ಅದನ್ನು ಸಭೆಯಲ್ಲಿ ಬಿಡಿಸಿ ತೋರಿಸಬೇಕು, ಕನ್ನಡ ವಿಭಾಗಕ್ಕೆ ಎಷ್ಟು ಕೋಣೆ ಎಂದು ಬರೆದು ಕೊಡಬೇಕು. ಜೆಇಇಯ ಕನ್ನಡ ಪತ್ರಿಕೆ ಗಡಿಯ ಜಿಲ್ಲೆಗಳ ಕೇಂದ್ರಗಳಲ್ಲೂ ಸಿಗಬೇಕೆಂದು ಎಲ್ಲ ಕನ್ನಡ ಶಾಲೆಗಳೂ ಒಟ್ಟಾಗಿ ಅರ್ಜಿ ಹಾಕಬೇಕು.

ಹೊರಡುವಾಗ ಹುಡುಗಿ ತನ್ನ ಪುಸ್ತಕವನ್ನು ನಮ್ಮ ಗ್ರಂಥಾಲಯದ ಕಪಾಟಿನಲ್ಲಿ ಇಟ್ಟು ಹೋದಳು, ತನ್ನ ಹತ್ತಿರ ಇನ್ನೊಂದು ಪ್ರತಿ ಇದೆಯಂತೆ. ಸೋಮವಾರ ನೋಡಿದರೆ ಆರನೇ ತರಗತಿಯ ಇಬ್ಬರು ವಿಮಾನ ನಿಲ್ದಾಣದ ಪುಟ ದಾಟಿ ಶಾಲೆಯ ಪುಟದಲ್ಲಿ ಬೆರಳಿಟ್ಟು ಜಗಳವಾಡುತ್ತಿದ್ದರು. "ಇದ್ರಲ್ಲಿ ಜಗಲಿಯೇ ಇಲ್ಲ ಮಾರಾಯ, ಮಳೆ ಬಂದ್ರೆ ಎಲ್ಲಿ ಆಡೋದು?"

ಇದು ಎರಡನೇ ವರ್ಷದ ಪ್ರಶ್ನೆಯೋ, ಅಂತಿಮ ವರ್ಷದ ಪ್ರಶ್ನೆಯೋ? ಬಲ್ಲವರು ಉತ್ತರ ಹೇಳಲಿ.