ತಿನ್ನುವ ಹಕ್ಕಿ, ತಿನ್ನದ ಹಕ್ಕಿ: ಗೆರೆ ಎಳೆದವರು ಯಾರು?

ಹೆಬ್ರಿಯ ಸುತ್ತಿನ ಹಳ್ಳಿಗಳಲ್ಲಿ ಕೋಳಿಸಾರಿಲ್ಲದೆ ಹಬ್ಬ ಪೂರ್ಣವಾಗದ ಮನೆಗಳು ಸಾಕಷ್ಟಿವೆ. ದೈವಕ್ಕೆ ಕೋಳಿ ಸಲ್ಲುತ್ತದೆ, ನೆಂಟರಿಗೆ ಕೋರಿ ರೊಟ್ಟಿಯ ಉಪಚಾರ ನಡೆಯುತ್ತದೆ. ಅದೇ ಮನೆಯ ಅಂಗಳದಲ್ಲಿ ಶ್ರಾದ್ಧದ ದಿನ ಕಾಗೆಗೆ ಎಡೆ ಇಡುತ್ತಾರೆ. ಕಾಗೆಯನ್ನು ತಿನ್ನುವ ಮಾತೆತ್ತಿದರೆ ಹಿರಿಯರು ಕಿವಿ ಮುಚ್ಚಿಕೊಳ್ಳುತ್ತಾರೆ. ಗೂಬೆ, ಗಿಡುಗ, ಮಿಂಚುಳ್ಳಿಗಳನ್ನು ಅಡುಗೆಯ ದೃಷ್ಟಿಯಿಂದ ನೋಡುವವರಿಲ್ಲ. ಆದರೆ ಸೋಮೇಶ್ವರದ ಕಾಡಂಚಿನಲ್ಲಿ ಮುಂಜಾನೆ ಕೂಗುವ ಕಾಡುಕೋಳಿಯ ಹೆಸರು ಕೇಳಿದೊಡನೆ ಕೆಲವರ ಬಾಯಲ್ಲಿ ನೀರೂರುತ್ತದೆ. “ಊರುಕೋಳಿ ತಿನ್ನಬಹುದಾದರೆ ಕಾಡುಕೋಳಿ ಏಕೆ ತಿನ್ನಬಾರದು? ಎರಡೂ ಕೋಳಿಯೇ ತಾನೆ?” ಎಂಬ ಪ್ರಶ್ನೆ ಹುಟ್ಟುವುದು ಅಲ್ಲಿಂದಲೇ. ಕೇಳುವವರ ಧಾಟಿ ಉಡಾಫೆಯದಾದರೂ ಪ್ರಶ್ನೆ ಉತ್ತರಕ್ಕೆ ಅರ್ಹವಾಗಿದೆ.

ಯಾವ ಹಕ್ಕಿಯನ್ನು ತಿನ್ನಬೇಕು, ಯಾವುದನ್ನು ಬಿಡಬೇಕು ಎಂಬ ಚಿಂತೆ ಬಹಳ ಹಳೆಯದು. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ನಿಷಿದ್ಧ ಹಕ್ಕಿಗಳ ದೊಡ್ಡ ಪಟ್ಟಿಯೇ ಇದೆ. ಬೈಬಲ್ಲಿನ ಯಾಜಕಕಾಂಡ ಹದ್ದು, ಕಾಗೆ, ಗೂಬೆಗಳನ್ನು ದೂರವಿಡುತ್ತದೆ. ಪಂಜದಿಂದ ಬೇಟೆಯಾಡುವ ಹಕ್ಕಿಗಳು ಇಸ್ಲಾಮಿನಲ್ಲಿಯೂ ವರ್ಜ್ಯ. ಒಂದು ವಿಷಯದಲ್ಲಿ ಈ ಮೂರೂ ಸಂಪ್ರದಾಯಗಳು ಒಮ್ಮತಕ್ಕೆ ಬಂದಿವೆ: ಮಾಂಸವನ್ನೋ ಹೆಣವನ್ನೋ ತಿಂದು ಬದುಕುವ ಹಕ್ಕಿ ಮನುಷ್ಯನ ಆಹಾರವಲ್ಲ. ಕಾಳು ಹೆಕ್ಕುವ ಕೋಳಿ, ಪಾರಿವಾಳ, ಲಾವಕ್ಕಿಗಳನ್ನು ಸಾಕುವುದು, ಹಿಡಿಯುವುದು ಸುಲಭ. ಬೇಟೆಯ ಹಕ್ಕಿಗಳು ಸಂಖ್ಯೆಯಲ್ಲಿ ವಿರಳ, ಹಿಡಿಯುವ ಶ್ರಮಕ್ಕೆ ದೊರೆಯುವ ಮಾಂಸವೂ ಅಲ್ಪ.

ರುಚಿಯ ಪಾತ್ರವೂ ಇದರಲ್ಲಿದೆ. 1941ರಲ್ಲಿ ಈಜಿಪ್ಟಿನಲ್ಲಿದ್ದ ಬ್ರಿಟಿಷ್ ಪ್ರಾಣಿವಿಜ್ಞಾನಿ ಹ್ಯೂ ಕಾಟ್ ಒಂದು ಸಣ್ಣ ಸಂಗತಿಯನ್ನು ಗಮನಿಸಿದರು. ಚರ್ಮ ಸುಲಿದು ಬಿಸಾಡಿದ ಬೆಳವನ ಮಾಂಸಕ್ಕೆ ಕಣಜದ ಹುಳುಗಳು ಮುತ್ತಿಕೊಂಡಿದ್ದವು. ಪಕ್ಕದಲ್ಲೇ ಇದ್ದ ಕಪ್ಪುಬಿಳುಪು ಮಿಂಚುಳ್ಳಿಯ ಮಾಂಸವನ್ನು ಅವು ಮುಟ್ಟಲೇ ಇಲ್ಲ. ಎದ್ದುಕಾಣುವ ಬಣ್ಣದ ಹಕ್ಕಿಗಳ ಮಾಂಸ ಸಾಮಾನ್ಯವಾಗಿ ರುಚಿಹೀನವೆಂದೂ, ನೆಲದ ಬಣ್ಣದಲ್ಲಿ ಅಡಗುವ ಹಕ್ಕಿಗಳ ಮಾಂಸ ರುಚಿಕರವೆಂದೂ ಅವರು ಮುಂದೆ ವಾದಿಸಿದರು. ಆ ವಾದಕ್ಕೆ ಅಪವಾದಗಳು ಇರಬಹುದು. ಆದರೂ ನಾಲಿಗೆಯ ಆಯ್ಕೆಯ ಹಿಂದೆ ನಿಸರ್ಗದ ಕೈವಾಡವೂ ಉಂಟೆಂಬುದಕ್ಕೆ ಅದು ಒಳ್ಳೆಯ ಸೂಚನೆ.

ಇಷ್ಟರಿಂದಲೇ ಈ ಗೆರೆ ಶಾಶ್ವತವೆಂದು ತಿಳಿಯುವುದು ತಪ್ಪು. ಮನುಸ್ಮೃತಿ ನಿಷೇಧಿಸಿದ್ದು ಗ್ರಾಮಕುಕ್ಕುಟವನ್ನು, ಅರ್ಥಾತ್ ಊರುಕೋಳಿಯನ್ನು. ಇಂದು ಪೇಟೆಯ ಪ್ರತಿ ಬೀದಿಯಲ್ಲಿ ಊರುಕೋಳಿ ತೂಗಿ ಮಾರಾಟವಾಗುತ್ತದೆ. ಕಾಡಿನ ಕೋಳಿಗೆ ಕಾನೂನಿನ ರಕ್ಷಣೆಯಿದೆ. ಗೆರೆ ತಲೆಕೆಳಗಾಗಿದೆ, ಆಕಾಶವೇನೂ ಕಳಚಿ ಬಿದ್ದಿಲ್ಲ. ಆದ್ದರಿಂದ “ಅನಾದಿಯಿಂದ ನಡೆದುಬಂದದ್ದು” ಎಂಬ ಸಮರ್ಥನೆ ಕಾಡುಕೋಳಿ ಬೇಟೆಗೆ ಸಲ್ಲುವುದಿಲ್ಲ. ಗೆರೆಯನ್ನು ಹಿಂದೆ ಮನುಷ್ಯನೇ ಸರಿಸಿದ್ದಾನೆ. ಈಗ ಎಲ್ಲಿ ಎಳೆಯಬೇಕೆಂದು ನಿರ್ಧರಿಸುವ ಹೊಣೆಯೂ ಅವನದೇ.

ಆ ನಿರ್ಧಾರಕ್ಕೆ ಬೇಕಾದ ಲೆಕ್ಕ ಕಷ್ಟದ್ದಲ್ಲ. ಫಾರಂ ಕೋಳಿ ವರ್ಷಕ್ಕೆ ಸುಮಾರು 300 ಮೊಟ್ಟೆ ಇಡುತ್ತದೆ. ಬೆಂಗಳೂರಿನ ವಿಜ್ಞಾನಿಗಳು ಹಿತ್ತಿಲ ಸಾಕಣೆಗೆಂದು ರೂಪಿಸಿದ ಗಿರಿರಾಜ ಕೋಳಿಯ ಮೊಟ್ಟೆಗಳೂ ನೂರನ್ನು ದಾಟುತ್ತವೆ. ಕಾಡುಕೋಳಿ ಒಂದು ಸಲಕ್ಕೆ ಇಡುವುದು ನಾಲ್ಕರಿಂದ ಏಳು ಮೊಟ್ಟೆ. ನೆಲದ ಮೇಲಿನ ಆ ಗೂಡು ಹಾವು, ಮುಂಗುಸಿ, ಕಾಡ್ಗಿಚ್ಚುಗಳ ಬಾಯಿಂದ ಪಾರಾಗಬೇಕು. ದೊಡ್ಡ ಮಂಗಟ್ಟೆಯ ಸ್ಥಿತಿ ಇನ್ನೂ ಸೂಕ್ಷ್ಮ. ಹೆಣ್ಣು ಮರದ ಪೊಟರೆಯೊಳಗೆ ಸೇರಿ ಬಾಗಿಲು ಮುಚ್ಚಿಕೊಳ್ಳುತ್ತದೆ, ಗಂಡು ತಿಂಗಳುಗಟ್ಟಲೆ ಹಣ್ಣು ತಂದು ಉಣಿಸುತ್ತದೆ, ಕೊನೆಗೆ ಹಾರಿ ಹೊರಬರುವುದು ಸಾಮಾನ್ಯವಾಗಿ ಒಂದೇ ಮರಿ. ಆ ಗಂಡಿಗೆ ಗುಂಡು ತಗುಲಿದರೆ ಸಾಯುವುದು ಒಂದು ಹಕ್ಕಿಯಲ್ಲ, ಒಂದು ಸಂಸಾರ. ಮನುಷ್ಯ ಅಕ್ಕಿ ಹಾಕಿ ಬೆಳೆಸಿದ ಕೋಳಿಯನ್ನು ತಿಂದರೆ ಮತ್ತೆ ಬೆಳೆಸಬಲ್ಲ. ಕಾಡು ಬೆಳೆಸಿದ್ದನ್ನು ತಿಂದವನು ತಿರುಗಿ ಕೊಡುವುದೇನನ್ನು?

ಕಾಡುಕೋಳಿಗೆ ಊರುಕೋಳಿಯ ಸಂಸಾರವೂ ಋಣಿ. ಸಾಕುಕೋಳಿಯ ಮುಖ್ಯ ಪೂರ್ವಜ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ಆದರೆ ಅನೇಕ ತಳಿಗಳ ಹಳದಿ ಚರ್ಮಕ್ಕೆ ಕಾರಣವಾದ ವಂಶವಾಹಿ ಬಂದದ್ದು ಭಾರತದ ಬೂದು ಕಾಡುಕೋಳಿಯಿಂದ ಎಂಬುದು 2008ರ ಸಂಶೋಧನೆಯಲ್ಲಿ ತಿಳಿದುಬಂತು. ಹೆಬ್ರಿಯ ಕಾಡಿನಲ್ಲಿ ಕೂಗುವುದು ಅದೇ ಬೂದು ಕೋಳಿ. ನಾಳೆ ಹೊಸ ರೋಗವೊಂದು ಕೋಳಿಸಾಕಣೆಯನ್ನು ಕಾಡಿದರೆ ತಳಿವಿಜ್ಞಾನಿಗಳು ಮತ್ತೆ ತಟ್ಟಬೇಕಾದ ಬಾಗಿಲುಗಳಲ್ಲಿ ಇದೂ ಒಂದು. ಬಿತ್ತನೆಯ ಬೀಜವನ್ನು ಬೇಯಿಸಿ ಉಂಡ ರೈತನನ್ನು ಊರು ಏನೆನ್ನುತ್ತದೆಯೋ, ಕಾಡುಕೋಳಿಗೆ ಉರುಳು ಒಡ್ಡುವವನನ್ನೂ ಹಾಗೆಯೇ ಕರೆಯಬೇಕು. ಮಂಗಟ್ಟೆಯ ಋಣವಂತೂ ಕಣ್ಣಿಗೆ ಕಾಣುವಂಥದು. ಬೇಸಿಗೆಯಲ್ಲಿ ಪತ್ರೆ ಆಯ್ದು ಮಾರುವ ಕುಟುಂಬಗಳಿಗೆ ರಾಮಪತ್ರೆಯ ಮರ ಬೇಕು, ಆ ಮರದ ಬೀಜ ದೂರ ಹೋಗಲು ಮಂಗಟ್ಟೆಯಂಥ ದೊಡ್ಡ ಹಕ್ಕಿಗಳು ಬೇಕು.

ಇನ್ನು ಔಷಧದ ನೆಪ. ಕೆಂಬೂತದ ಮಾಂಸ ಕ್ಷಯಕ್ಕೆ, ಮಂಗಟ್ಟೆಯ ಕೊಬ್ಬು ಸಂದುನೋವಿಗೆ ಎಂಬ ನಂಬಿಕೆ ಇಂದಿಗೂ ಸತ್ತಿಲ್ಲ. ಕ್ಷಯಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಮಾತ್ರೆ ದೊರೆಯುತ್ತದೆ. ಅದನ್ನು ಬಿಟ್ಟು ಕೆಂಬೂತದ ಬೆನ್ನುಹತ್ತಿದವನು ಹಕ್ಕಿಯನ್ನೂ ಕೊಲ್ಲುತ್ತಾನೆ, ರೋಗಿಯನ್ನೂ ಕೊಲ್ಲುತ್ತಾನೆ.

ಹಾಗೆಂದು “ತಿನ್ನುವುದಿಲ್ಲ” ಎಂಬುದಷ್ಟೇ ಪುಣ್ಯದ ಪ್ರಮಾಣಪತ್ರವಲ್ಲ. ಈ ದೇಶದಲ್ಲಿ ರಣಹದ್ದನ್ನು ಆಹಾರವೆಂದು ಬಗೆದವರು ವಿರಳ. ಆದರೂ 1990ರ ದಶಕದಿಂದ ಮುಖ್ಯ ಜಾತಿಯ ರಣಹದ್ದುಗಳಲ್ಲಿ ಶೇ. 95ಕ್ಕೂ ಹೆಚ್ಚು ನಾಶವಾದವು. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವುನಿವಾರಕವೇ ಅದಕ್ಕೆ ಕಾರಣವೆಂದು 2004ರಲ್ಲಿ ಸಿದ್ಧವಾಯಿತು. ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಿದ್ದು 2006ರಲ್ಲಿ. ತಟ್ಟೆಯಲ್ಲಿ ಹಕ್ಕಿಯಿಲ್ಲದವನ ತೋಟದ ವಿಷವೂ ಹಕ್ಕಿಯನ್ನು ಕೊಲ್ಲಬಲ್ಲದು. ಕಾಡು ಸೀಳುವ ರಸ್ತೆಗೆ ಚಪ್ಪಾಳೆ ತಟ್ಟಿ, ಉರುಳು ಕಟ್ಟಿದ ಬಡವನನ್ನು ಮಾತ್ರ ಕ್ರೂರಿ ಎನ್ನುವ ಪಟ್ಟಣದ ಸಜ್ಜನರು ಇದನ್ನು ಮನನ ಮಾಡಬೇಕು. ಹಕ್ಕಿಪಿಕ್ಕಿಗಳ ಹೆಸರಿಗೇ ಬೇಟೆಯ ಕಳಂಕ ಅಂಟಿಸಲಾಗಿದೆ. ಅವರಿಂದ ಹಕ್ಕಿ ಕೊಂಡವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಹೊಟ್ಟೆಪಾಡಿಗೆ ಬೇಟೆಯಾಡಿದ ಹಿಂದಿನವರೂ, ವಾರಾಂತ್ಯದ ಮೋಜಿಗೆ ಕಾಡುಕೋಳಿ ಸಾರು ಬಯಸಿ ಕಾರಿನಲ್ಲಿ ಬರುವವರೂ ಒಂದೇ ತಕ್ಕಡಿಯಲ್ಲಿ ತೂಗತಕ್ಕವರಲ್ಲ.

ಕಾನೂನೊಂದೇ ಸಾಲದೆಂಬುದಕ್ಕೆ ಕಾಗೆಯೇ ಸಾಕ್ಷಿ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮ ಕಾಗೆಯನ್ನು ಇಲಿ, ಬಾವಲಿಗಳೊಂದಿಗೆ ಉಪದ್ರವಕಾರಿಗಳ ಪಟ್ಟಿಗೆ ಸೇರಿಸಿತ್ತು. 2022ರ ತಿದ್ದುಪಡಿಯವರೆಗೂ ಆ ಪಟ್ಟಿ ಉಳಿದಿತ್ತು. ಕೊಲ್ಲಲು ಅನುಮತಿಯಿದ್ದರೂ ಕಾಗೆಯನ್ನು ಜನ ಕೊಲ್ಲಲಿಲ್ಲ. ಕೊಲ್ಲಬಾರದೆಂಬ ಕಾನೂನಿದ್ದರೂ ಕಾಡುಕೋಳಿಯನ್ನು ಬಿಡಲಿಲ್ಲ. ಕಾದದ್ದು ಕಾನೂನಲ್ಲ, ಊರಿನ ಮನಸ್ಸು.

ಆ ಮನಸ್ಸು ಬದಲಾಗಬಲ್ಲದೆ? ಉತ್ತರ ಅಮೆರಿಕದಲ್ಲಿ ಬದಲಾಗಲಿಲ್ಲ. ಆಕಾಶ ಮುಚ್ಚುವಷ್ಟಿದ್ದ ಅಲೆಮಾರಿ ಪಾರಿವಾಳವನ್ನು ಜನ ತಿಂದು, ಮಾರಿ, ಅದರ ಕಾಡು ಕಡಿದು ಮುಗಿಸಿದರು. ಕೊನೆಯ ಹಕ್ಕಿ 1914ರಲ್ಲಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ನಾಗಾಲ್ಯಾಂಡಿನಲ್ಲಿ ಬದಲಾಯಿತು. 2012ರಲ್ಲಿ ದೋಯಾಂಗ್ ಜಲಾಶಯದ ಬಳಿ ವಲಸೆ ಬಂದ ಅಮೂರ್ ಚಾಣಗಳನ್ನು ಮಾಂಸಕ್ಕಾಗಿ ಸಹಸ್ರ ಸಹಸ್ರ ಸಂಖ್ಯೆಯಲ್ಲಿ ಬಲೆಗೆ ಕೆಡವಲಾಗಿತ್ತು. ಹಳ್ಳಿಯ ಸಭೆಗಳೂ ಚರ್ಚುಗಳೂ ಮುಂದೆ ಬಂದವು. ಮರುವರ್ಷವೇ ಬಲೆಗಳು ಕೆಳಗಿಳಿದವು. ಅಷ್ಟು ದೂರವೇಕೆ, ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನಲ್ಲಿ ಮನೆಯಂಗಳದ ಮರದ ಮೇಲೆ ಗೂಡು ಕಟ್ಟುವ ಕೊಕ್ಕರೆ, ಹೆಜ್ಜಾರ್ಲೆಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಜನ ಭಾವಿಸುತ್ತಾರೆ. ಅವುಗಳ ಹಿಕ್ಕೆ ಅಲ್ಲಿನ ಹೊಲಕ್ಕೆ ಗೊಬ್ಬರ.

ಮಲೆನಾಡಿನ ಅಂಚಿನ ಊರುಗಳಿಗೆ ಇದು ಅಸಾಧ್ಯವಲ್ಲ. ಅಂಗಳದಲ್ಲಿ ಸಾಕಿದ ಕೋಳಿಯನ್ನು ಉಣ್ಣಲು ಯಾರ ಅಪ್ಪಣೆಯೂ ಬೇಡ. ಕಾಡಂಚಿನ ಉರುಳನ್ನು ಬಿಚ್ಚುವುದಕ್ಕೂ ಯಾರ ಅಪ್ಪಣೆಯೂ ಬೇಡ. ಮೊದಲನೆಯದನ್ನು ಊರು ಚೆನ್ನಾಗಿ ಕಲಿತಿದೆ. ಎರಡನೆಯದು ಇನ್ನು ಆಗಬೇಕಾದ ಕೆಲಸ.